ಪಾಲಿನ ಕುದುರೆ ಮತ್ತು ಅತಿವಾಹನ ದೋಷ

ಶ್ರಾವಕಾಚಾರದ ಗ್ರಂಥಗಳನ್ನು ಕ್ರಮವಾಗಿ ಅಭ್ಯಾಸ ಮಾಡಿದವರಿಗೆ ಒಂದು ಸ್ಥಳದಲ್ಲಿ ಶಂಕೆ ಹುಟ್ಟದೆ ಇರದು. ಪರಿಗ್ರಹಪರಿಮಾಣವೆಂಬ ಐದನೆಯ ಅಣುವ್ರತಕ್ಕೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವ ಅತಿಚಾರಗಳೆಲ್ಲವೂ ಹೊಲಮನೆ, ಬೆಳ್ಳಿಬಂಗಾರ, ಧನಧಾನ್ಯ ಮೊದಲಾದವುಗಳ ಮಿತಿಯನ್ನು ಮೀರುವುದಕ್ಕೆ ಸಂಬಂಧಿಸಿದವು. ಅದು ಸಹಜವಾಗಿಯೇ ಇದೆ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದೇ ವ್ರತಕ್ಕೆ ಬೇರೆಯೇ ಐದು ಅತಿಚಾರಗಳನ್ನು ಎಣಿಸುತ್ತಾರೆ. ಅತಿಯಾದ ಸಂಗ್ರಹ, ಲೋಭ, ಅನ್ಯರ ಲಾಭವನ್ನು ಕಂಡು ಬೆರಗಾಗುವ ವಿಸ್ಮಯ, ಈ ಮೂರನ್ನು ಪರಿಗ್ರಹದ ದೋಷಗಳೆಂದು ಯಾರಾದರೂ ಒಪ್ಪಿಯಾರು. ಉಳಿದೆರಡು ಅತಿವಾಹನ ಮತ್ತು ಅತಿಭಾರವಾಹನ. ಎಂದರೆ ಪಶುವನ್ನು ಶಕ್ತಿ ಮೀರಿ ಓಡಿಸುವುದು, ಶಕ್ತಿ ಮೀರಿ ಹೊರಿಸುವುದು. ಪಶುವಿನ ನೋವು ಅಹಿಂಸಾಣುವ್ರತಕ್ಕೆ ಸೇರಿದ ವಿಷಯವಲ್ಲವೇ? ಅತಿಭಾರವನ್ನು ಹೇರುವ ದೋಷವನ್ನು ಆಚಾರ್ಯರು ಆ ಪ್ರಕರಣದಲ್ಲಿಯೂ ಹೇಳಿದ್ದಾರೆ. ಹಾಗಿದ್ದ ಮೇಲೆ ಪರಿಗ್ರಹದ ಪ್ರಕರಣಕ್ಕೆ ಎತ್ತು ಕುದುರೆಗಳನ್ನು ಮತ್ತೆ ಏಕೆ ತಂದರು?

ಇದನ್ನು ಪುನರುಕ್ತಿಯೆಂದು ತಳ್ಳಿಹಾಕಲಾಗದು. ಪಶುವಿನ ಬೆನ್ನ ಮೇಲೆ ಕುಳಿತವನು ಒಬ್ಬ, ಅದರ ಒಡೆಯನು ಮತ್ತೊಬ್ಬ ಆಗಿರುವಲ್ಲಿ ಚಾವಟಿ ಮೊದಲನೆಯವನ ಕೈಯಲ್ಲಿರುತ್ತದೆ. ಆದರೆ ಎಷ್ಟು ದೂರ, ಎಷ್ಟು ವೇಗ, ಎಷ್ಟು ಸಲ ಎಂಬುದನ್ನು ನಿಶ್ಚಯಿಸುವುದು ಎರಡನೆಯವನ ಲಾಭಾಪೇಕ್ಷೆ. ಕೈಯಿಂದ ಹೊಡೆದವನ ದೋಷವನ್ನು ಅಹಿಂಸೆಯ ಪ್ರಕರಣದಲ್ಲಿ ಹೇಳಿ, ಮನೆಯಲ್ಲಿ ಕುಳಿತು ಲೆಕ್ಕ ನೋಡುವವನ ದೋಷವನ್ನು ಪರಿಗ್ರಹದ ಪ್ರಕರಣದಲ್ಲಿ ಆಚಾರ್ಯರು ಹಿಡಿದರೆಂದು ತಿಳಿದರೆ ಗ್ರಂಥವು ಸುಸಂಗತವಾಗುತ್ತದೆ. ಈ ಎರಡನೆಯ ಬಗೆಯ ದೋಷವು ಹಿಂದಿನ ಗಾಡಿ ಹೇರುಗಳ ಕಾಲಕ್ಕಿಂತ ಇಂದಿನ ಕಾಲದಲ್ಲಿಯೇ ಹೆಚ್ಚು ಸೂಕ್ಷ್ಮವಾದ ರೂಪಗಳನ್ನು ತಳೆದಿದೆ. ಅವುಗಳಲ್ಲಿ ಒಂದನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದೆ. ಅದು ನಡೆಯುವುದು ದೂರದ ಅಮೆರಿಕ ದೇಶದಲ್ಲಿ.

ಅಲ್ಲಿ ಓಟದ ಕುದುರೆಯನ್ನು ಸಿರಿವಂತನೊಬ್ಬನೇ ಕೊಂಡು ಸಾಕುವ ರೂಢಿಯ ಜೊತೆಗೆ, ಹಲವರು ಕೂಡಿ ಪಾಲುಗಾರಿಕೆಯಲ್ಲಿ ಕೊಳ್ಳುವ ಪದ್ಧತಿಯು ಕಳೆದ ಐವತ್ತು ವರ್ಷಗಳಲ್ಲಿ ಬಲವಾಗಿ ಬೆಳೆದಿದೆ. ಹಣಕಾಸಿನ ಕ್ಷೇತ್ರದ ದೊಡ್ಡ ಅಧಿಕಾರಿಗಳು ಇಂತಹ ಕೂಟಗಳಲ್ಲಿ ಎದ್ದು ಕಾಣುತ್ತಾರೆ. ಹೂಡಿಕೆ ನಿಧಿಗಳ ವ್ಯವಹಾರದಲ್ಲಿ ಹೆಸರಾದ ಸೋಲ್ ಕ್ಯುಮಿನ್ ಎಂಬವರು ಅಂಥವರಲ್ಲಿ ಒಬ್ಬರು. ಹೆಡ್ ಆಫ್ ಪ್ಲೇನ್ಸ್ ಪಾರ್ಟ್‌ನರ್ಸ್, ಮಡಕೆಟ್ ಸ್ಟೇಬಲ್ಸ್ ಮುಂತಾದ ಹೆಸರುಗಳ ಕೂಟಗಳ ಮೂಲಕ ಅವರು ಅನೇಕ ಕುದುರೆಗಳಲ್ಲಿ ಪಾಲು ಪಡೆದಿದ್ದಾರೆ. 2018ರಲ್ಲಿ ಅಮೆರಿಕದ ಮೂರು ಮಹಾಪಂದ್ಯಗಳನ್ನು ಒಂದೇ ವರ್ಷದಲ್ಲಿ ಗೆದ್ದ ಹದಿಮೂರನೆಯ ಕುದುರೆ ‘ಜಸ್ಟಿಫೈ’ಯಲ್ಲಿಯೂ 2020ರ ಕೆಂಟಕಿ ಡರ್ಬಿಯನ್ನು ಗೆದ್ದ ‘ಅಥೆಂಟಿಕ್’ನಲ್ಲಿಯೂ ಈ ಕೂಟಗಳು ಪಾಲುದಾರರಾಗಿದ್ದವು. ಇವರ ಅಂತರಂಗವನ್ನು ತೂಗುವುದು ಇಲ್ಲಿಯ ಉದ್ದೇಶವಲ್ಲ. ಅವರು ಅಣುವ್ರತಗಳನ್ನು ಸ್ವೀಕರಿಸಿದವರಲ್ಲ. ಅವರ ದೇಶದ ಕಾನೂನಿಗೆ ಅವರ ಮಾರ್ಗವು ವಿರುದ್ಧವೂ ಅಲ್ಲ. ಪ್ರಶ್ನೆಯಿರುವುದು ಇಷ್ಟೆ: ಅದೇ ಪೀಠದಲ್ಲಿ ವ್ರತಿಯಾದ ಶ್ರಾವಕನೊಬ್ಬನು ಕುಳಿತರೆ ಅವನ ವ್ರತದ ಗತಿ ಏನು? ಬೆಂಗಳೂರು, ಮೈಸೂರುಗಳ ಓಟದ ಮೈದಾನಗಳಲ್ಲಿಯೂ ಕುದುರೆಗಳಿಗೆ ಪಾಲುಗಾರರಿದ್ದಾರೆ. ಅಮೆರಿಕದಲ್ಲಿ ನೆಲೆಸಿದ ನಮ್ಮ ಮನೆತನಗಳ ಮಕ್ಕಳಿಗೆ ಇಂತಹ ಪಾಲು ಕೈಗೆಟುಕದ ವಸ್ತುವೂ ಅಲ್ಲ. ಆದುದರಿಂದ ಇದು ಕೇವಲ ವಾದಕ್ಕಾಗಿ ಕಲ್ಪಿಸಿದ ಪ್ರಶ್ನೆಯಲ್ಲ.

ಪಾಲು ಎಷ್ಟು ಸಣ್ಣದಾಗಬಲ್ಲದೆಂಬುದನ್ನು ಮೊದಲು ನೋಡಬೇಕು. ಅಥೆಂಟಿಕ್ ಕುದುರೆಯ ನೂರಕ್ಕೆ ಹನ್ನೆರಡೂವರೆ ಅಂಶವನ್ನು ಒಂದು ಸಂಸ್ಥೆಯು ಚೂರುಚೂರಾಗಿ ಮಾಡಿ, ಚೂರೊಂದಕ್ಕೆ 206 ಡಾಲರಿನಂತೆ ಸಾರ್ವಜನಿಕರಿಗೆ ಮಾರಿತು. ಕೊಂಡವರು 5,314 ಮಂದಿ. ಇನ್ನೊಂದು ತುದಿಯಲ್ಲಿ ‘ಫ್ಲೈಟ್‌ಲೈನ್’ ಎಂಬ ಕುದುರೆಯಿದೆ. ಓಡಿದ ಆರು ಪಂದ್ಯಗಳನ್ನೂ ಗೆದ್ದು 2022ರಲ್ಲಿ ನಿವೃತ್ತವಾದ ಆ ಪ್ರಾಣಿಯ ನೂರಕ್ಕೆ ಎರಡೂವರೆ ಅಂಶ ಮಾತ್ರವೇ ಆ ವರ್ಷದ ನವೆಂಬರಿನಲ್ಲಿ ಕೆಂಟಕಿಯ ಕೀನ್‌ಲ್ಯಾಂಡ್ ಹರಾಜಿನಲ್ಲಿ 46 ಲಕ್ಷ ಡಾಲರಿಗೆ ಹೋಯಿತು. ಜಸ್ಟಿಫೈ ವಿಷಯದಲ್ಲಂತೂ ವಿಭಾಗವು ಇನ್ನೂ ವಿಚಿತ್ರ. ಅದರ ಓಟದ ಹಕ್ಕು ಬೇರೆ, ಸಂತಾನದ ಹಕ್ಕು ಬೇರೆ. ಹೆಡ್ ಆಫ್ ಪ್ಲೇನ್ಸ್ ಕೂಟಕ್ಕೆ ಇದ್ದುದು ಓಟದಲ್ಲಿ ಮಾತ್ರ ಪಾಲು. ಕಾಲುಗಳ ದುಡಿಮೆ ಒಬ್ಬರದು, ಬೀಜದ ಫಲ ಮತ್ತೊಬ್ಬರದು! ಹಿಂದಿನವರು ಗೋವನ್ನು ಹಂಚಿಕೊಳ್ಳಬೇಕಾಗಿ ಬಂದರೆ ಹಾಲನ್ನು ಹಂಚಿಕೊಳ್ಳುತ್ತಿದ್ದರು. ಹಸುವನ್ನೇ ಕಾಗದದ ಮೇಲೆ ಕೊಯ್ಯುವ ಜಾಣ್ಮೆ ಅವರಿಗೆ ಬಂದಿರಲಿಲ್ಲ.

ಆದರೆ ಈ ಕೊಯ್ತವೆಲ್ಲ ಕಾಗದದ ಮೇಲೆಯೇ. ಲಾಯದಲ್ಲಿ ನಿಂತಿರುವುದು ಅಖಂಡವಾದ ಒಂದು ಜೀವ. ಕುದುರೆಯು ಸಂಜ್ಞಿ ಪಂಚೇಂದ್ರಿಯ ತಿರ್ಯಂಚ. ಸ್ಪರ್ಶ ರಸ ಗಂಧ ರೂಪ ಶಬ್ದಗಳನ್ನು ಅರಿಯಬಲ್ಲುದಲ್ಲದೆ ಮನಸ್ಸೂ ಉಳ್ಳದ್ದು. ಹೆದರಿಕೆಯನ್ನು ನೆನಪಿಟ್ಟುಕೊಳ್ಳಬಲ್ಲುದು, ಒಲಿದವರನ್ನು ಗುರುತಿಸಬಲ್ಲುದು. ಮೂರನೆಯ ತೀರ್ಥಂಕರರಾದ ಸಂಭವನಾಥ ಸ್ವಾಮಿಯ ಲಾಂಛನವಾಗಿ ಬಸದಿಗಳಲ್ಲಿ ನಾವು ಕಾಣುವುದು ಇದನ್ನೇ. ಪ್ರದೇಶಗಳು ಅಸಂಖ್ಯಾತವಾದರೂ ಜೀವದ್ರವ್ಯ ಒಂದೇ. ಅದನ್ನು ಹೋಳು ಮಾಡಲು ಬಾರದು. ನೂರರಲ್ಲಿ ಒಂದು ಪಾಲಿನ ಒಡೆಯನಿಗಾಗಿ ನೋವಿನ ನೂರರಲ್ಲೊಂದು ಅಂಶವನ್ನು ಮಾತ್ರ ಅದು ಉಣ್ಣುವುದೂ ಇಲ್ಲ.

ಆ ಜೀವದ ಆಯುಷ್ಯದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ತಿಳಿಯಬೇಕು. ಏಕೆಂದರೆ ಪಾಲುಪತ್ರದಲ್ಲಿ ಇದು ಹೀಗೆ ಬರೆದಿರುವುದಿಲ್ಲ. ಥರೋಬ್ರೆಡ್ ಎಂಬ ಈ ತಳಿಯ ಪಿತೃಪರಂಪರೆಯು ಹದಿನೇಳು ಹದಿನೆಂಟನೆಯ ಶತಮಾನಗಳ ಸಂಧಿಯಲ್ಲಿ ಪೂರ್ವದೇಶಗಳಿಂದ ಇಂಗ್ಲೆಂಡಿಗೆ ಒಯ್ದ ಮೂರು ಗಂಡು ಕುದುರೆಗಳಿಗೆ ಹೋಗಿ ನಿಲ್ಲುತ್ತದೆ. ಮನುಷ್ಯನು ವೇಗವೊಂದನ್ನೇ ಗುರಿಯಾಗಿಟ್ಟು ಬೆಳೆಸಿದ ಪ್ರಾಣಿಯಿದು. ಮರಿಯು ಯಾವ ತಿಂಗಳಲ್ಲಿ ಹುಟ್ಟಿದರೂ ಉತ್ತರಾರ್ಧ ಗೋಲದಲ್ಲಿ ಅದರ ವಯಸ್ಸನ್ನು ಜನವರಿ 1ರಿಂದ ಎಣಿಸುವುದು ನಿಯಮ. ಮೇ ತಿಂಗಳಲ್ಲಿ ಹುಟ್ಟಿದ್ದು ಎಂಟೇ ತಿಂಗಳಿಗೆ ಒಂದು ವರ್ಷದ್ದಾಗುತ್ತದೆ. ವರ್ಷ ತುಂಬಿದ ಮರಿಗಳನ್ನು ಹರಾಜಿಗೆ ತರುತ್ತಾರೆ. ಜಸ್ಟಿಫೈ 2016ರಲ್ಲಿ 5 ಲಕ್ಷ ಡಾಲರಿಗೆ ಮಾರಾಟವಾದದ್ದು ಹೀಗೆಯೇ. ಎರಡನೆಯ ವರ್ಷದಲ್ಲಿ ಬೆನ್ನ ಮೇಲೆ ಜಾಕಿಯನ್ನು ಹೊತ್ತು ಪಂದ್ಯಗಳಲ್ಲಿ ಓಡುವುದು ಆರಂಭವಾಗುತ್ತದೆ. ಕುದುರೆಯ ಅಸ್ಥಿಪಂಜರವು ಪೂರ್ಣವಾಗಿ ಬಲಿಯುವುದಕ್ಕೆ ಐದಾರು ವರ್ಷಗಳು ಬೇಕು. ಸುಮಾರು 500 ಕಿಲೋಗ್ರಾಂ ತೂಗುವ ದೇಹವು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವಾಗ, ಒಂದು ಕ್ಷಣದಲ್ಲಿ ಒಂದೇ ಮುಂಗಾಲಿನ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ಅತಿಭಾರವೆಂದರೆ ಹೇರಿದ ಮೂಟೆ ಮಾತ್ರವೆಂದು ತಿಳಿಯಬೇಕಾದ್ದಿಲ್ಲ. ಜಾಕಿಯ ಐವತ್ತೇಳು ಕಿಲೋಗ್ರಾಂ ಅಲ್ಪವೇ, ಹೊರೆಯಾಗಿರುವುದು ವೇಗ.

ಆ ಕಾಲು ಮುರಿದರೆ ಆಗುವುದೇನು? ಮನುಷ್ಯನಂತೆ ಕುದುರೆಯು ತಿಂಗಳುಗಟ್ಟಲೆ ಮಲಗಿರಲಾರದು. ಒಂದು ಕಾಲಿನ ಭಾರ ಉಳಿದ ಕಾಲುಗಳ ಮೇಲೆ ಬಿದ್ದು ಗೊರಸಿನ ಒಳಭಾಗ ಉರಿಯೆದ್ದು ಕಳಚುತ್ತದೆ. 2006ರ ಕೆಂಟಕಿ ಡರ್ಬಿಯನ್ನು ಗೆದ್ದ ‘ಬಾರ್ಬರೊ’ಗೆ ಎರಡೇ ವಾರಗಳ ಬಳಿಕ ಇನ್ನೊಂದು ಪಂದ್ಯದಲ್ಲಿ ಹಿಂಗಾಲು ನುಚ್ಚಾಯಿತು. ಒಡೆಯರು ಎಂಟು ತಿಂಗಳು ಚಿಕಿತ್ಸೆ ಮಾಡಿಸಿದರು. ಕೊನೆಗೆ 2007ರ ಜನವರಿ 29ರಂದು ಅದನ್ನು ಔಷಧದಿಂದ ಕೊನೆಗಾಣಿಸಬೇಕಾಯಿತು. 2008ರಲ್ಲಿ ‘ಏಟ್ ಬೆಲ್ಸ್’ ಎಂಬ ಹೆಣ್ಣು ಕುದುರೆಯು ಅದೇ ಡರ್ಬಿಯಲ್ಲಿ ಎರಡನೆಯದಾಗಿ ಗುರಿ ಮುಟ್ಟಿ, ಎರಡೂ ಮುಂಗಾಲುಗಳು ಮುರಿದು ಬಿದ್ದು ಮೈದಾನದಲ್ಲಿಯೇ ಮರಣ ಹೊಂದಿತು. ಇವು ಒಂಟಿಯಾದ ದುರ್ಘಟನೆಗಳೆಂದು ಹೇಳುವಂತಿಲ್ಲ. ಅಲ್ಲಿಯ ಜಾಕಿ ಕ್ಲಬ್ಬು ಇಟ್ಟಿರುವ ಲೆಕ್ಕದಂತೆ 2009ರಲ್ಲಿ ಸಾವಿರ ಓಟಗಳಿಗೆ ಎರಡರಂತೆ ಕುದುರೆಗಳು ಓಟದ ಗಾಯಗಳಿಂದ ಸತ್ತವು. 2023ರಲ್ಲಿ ಆ ಪ್ರಮಾಣ 1.32ಕ್ಕೆ ಇಳಿದಿತ್ತು. ಇಳಿದದ್ದು ಸಂತೋಷದ ವಿಷಯ. ಅದಕ್ಕೆ ದುಡಿದವರಿದ್ದಾರೆ, 2020ರಲ್ಲಿ ಇದಕ್ಕೆಂದೇ ಕಾನೂನು ಬಂದು 2022ರ ಜುಲೈ 1ರಿಂದ ಸುರಕ್ಷತಾ ನಿಯಮಗಳು ಜಾರಿಯಾಗಿವೆ. ಚಾವಟಿಯನ್ನು ಒಂದು ಓಟದಲ್ಲಿ ಆರು ಸಲಕ್ಕಿಂತ ಹೆಚ್ಚು ಬೀಸಬಾರದೆಂಬುದು ಆ ನಿಯಮಗಳಲ್ಲಿ ಒಂದು. ಹೊಡೆತಕ್ಕೂ ಪರಿಮಾಣ ನಿಗದಿಯಾಯಿತೆಂದು ವ್ರತಿಯು ನಿಟ್ಟುಸಿರು ಬಿಡಬೇಕೋ, ಸಮಾಧಾನಪಡಬೇಕೋ ಹೇಳುವುದು ಕಷ್ಟ.

ಅಹಿಂಸಾಣುವ್ರತಕ್ಕೆ ಹೇಳಿರುವ ಉಳಿದ ಅತಿಚಾರಗಳೂ ಇಲ್ಲಿ ಒಂದೊಂದಾಗಿ ಎದುರಾಗುತ್ತವೆ. ದಿನದ ಬಹುಭಾಗ ಲಾಯದ ಕೋಣೆಯಲ್ಲಿ ಬಂಧನ. ಹಟಮಾರಿಯಾದ ಗಂಡಿಗೆ ಬೀಜ ಒಡೆಸುವುದು. ಓಟದ ದಿನ ಮೇವು ನೀರುಗಳಲ್ಲಿ ಕಡಿತ. ಓಡುವಾಗ ಶ್ವಾಸಕೋಶದಲ್ಲಿ ರಕ್ತ ಒಸರದಿರಲೆಂದು ಓಟಕ್ಕೆ ಕೆಲವು ಗಂಟೆ ಮುಂಚೆ ಮೂತ್ರ ಹೆಚ್ಚಿಸುವ ಚುಚ್ಚುಮದ್ದು ಕೊಟ್ಟು ಮೈಯ ನೀರನ್ನು ಇಳಿಸುವ ರೂಢಿಯು ಅಮೆರಿಕದಲ್ಲಿ ದಶಕಗಳ ಕಾಲ ಸಾಮಾನ್ಯವಾಗಿತ್ತು. ಎರಡು ವರ್ಷದ ಮರಿಗಳ ಓಟದಲ್ಲೂ ಪ್ರಮುಖ ಪಂದ್ಯಗಳಲ್ಲೂ ಅದು ಈಗ ನಿಷಿದ್ಧವಾಗಿದೆ. ಉಪವಾಸದ ಮಹಿಮೆಯನ್ನು ಬಲ್ಲವರಿಗೆ ಒಂದು ಮಾತು ತಾನಾಗಿ ತೋರುತ್ತದೆ: ತಾನಾಗಿ ಬಿಟ್ಟ ಅನ್ನ ತಪಸ್ಸು, ಇನ್ನೊಬ್ಬರ ಗೆಲುವಿಗಾಗಿ ತಡೆಹಿಡಿದ ಅನ್ನಪಾನ ಅತಿಚಾರ.

ಈಗ ಪೂರ್ವಪಕ್ಷವನ್ನು ಕೇಳಬೇಕು. ಅದು ದುರ್ಬಲವಾದುದೇನೂ ಅಲ್ಲ.

ಪಾಲುಗಾರನು ಹೇಳುವುದೇನೆಂದರೆ: ‘ಓಡುವುದು ಕುದುರೆಯ ಸ್ವಭಾವ. ನನ್ನ ಕೈಯಲ್ಲಿ ಚಾವಟಿಯಿಲ್ಲ. ಪ್ರತಿದಿನವೂ ನೂರು ಡಾಲರಿಗೆ ಮಿಕ್ಕಿ ಅದರ ಪೋಷಣೆಗೆ ವೆಚ್ಚವಾಗುತ್ತದೆ. ವೈದ್ಯರಿದ್ದಾರೆ, ಲಾಳ ಕಟ್ಟುವವರಿದ್ದಾರೆ. ಓಟವಿಲ್ಲದಿದ್ದರೆ ಈ ತಳಿಯೇ ಇರುತ್ತಿರಲಿಲ್ಲ. ನಾನು ಬೆಳಗ್ಗೆ ಲಾಯಕ್ಕೆ ಹೋಗಿ ಗಜ್ಜರಿ ತಿನ್ನಿಸಿ ಬರುತ್ತೇನೆ.’ ಇದರಲ್ಲಿ ಸತ್ಯಾಂಶವಿದೆ. ಕ್ಯುಮಿನ್ ಅವರಿಗೂ ಪಾಲಿದ್ದ ‘ಲೇಡಿ ಎಲೈ’ ಎಂಬ ಹೆಣ್ಣು ಕುದುರೆಯ ಕಥೆಯನ್ನು ಇಲ್ಲಿ ನೆನೆಯಬೇಕು. 2015ರ ಜುಲೈಯಲ್ಲಿ ದೊಡ್ಡದೊಂದು ಪಂದ್ಯವನ್ನು ಗೆದ್ದು ಲಾಯಕ್ಕೆ ಹಿಂದಿರುಗುವಾಗ ಅದು ಮೊಳೆಯೊಂದನ್ನು ತುಳಿಯಿತು. ಬಳಿಕ ಗೊರಸಿನ ಆ ಮಾರಕ ವ್ಯಾಧಿಯೇ ಬಂತು. ಒಡೆಯರೂ ತರಬೇತುದಾರರೂ ಕೈಬಿಡಲಿಲ್ಲ. ತಿಂಗಳುಗಟ್ಟಲೆ ಆರೈಕೆ ಮಾಡಿಸಿ ಬದುಕಿಸಿದರು. 2016ರಲ್ಲಿ ಅದು ಮತ್ತೆ ಮೈದಾನಕ್ಕೆ ಬಂದು ಗೆದ್ದಿತು. ಇದನ್ನು ಕರುಣೆಯಲ್ಲವೆನ್ನಲು ಯಾರಿಗೂ ಅಧಿಕಾರವಿಲ್ಲ.

ಆದರೂ ವ್ರತಿಯಾದವನು ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಉಳಿದಿದೆ. ಬದುಕಿ ಉಳಿದ ಬಳಿಕ ಅದನ್ನು ಮತ್ತೆ ಓಡಿಸಬೇಕೆಂಬ ಬಯಕೆ ಎಲ್ಲಿಂದ ಬಂತು? ಒಂದೂ ಪಂದ್ಯವನ್ನು ಗೆಲ್ಲದ ಕುದುರೆಗೆ ಇದೇ ಚಿಕಿತ್ಸೆ ದೊರೆಯುತ್ತಿತ್ತೇ? ಉತ್ತರವು ಅವರವರ ಅಂತರಂಗಕ್ಕೆ ಬಿಟ್ಟದ್ದು. ಓಡುವುದು ಕುದುರೆಯ ಸ್ವಭಾವವೆಂಬ ಮಾತನ್ನೂ ಇದರ ಜೊತೆಗೇ ನೋಡಬಹುದು. ಹುಲ್ಲುಗಾವಲಿನಲ್ಲಿ ಬಿಟ್ಟ ಕುದುರೆಯು ಓಡುತ್ತದೆ, ನಿಜ, ದಣಿದಾಗ ನಿಲ್ಲುತ್ತದೆ. ನಿಲ್ಲುವ ಸ್ವಾತಂತ್ರ್ಯವನ್ನು ಕಸಿದುಕೊಂಡಲ್ಲಿಂದ ಅತಿವಾಹನ ಆರಂಭವಾಗುತ್ತದೆ. ತಳಿಯು ಉಳಿಯಲೆಂದು ಓಡಿಸುತ್ತೇವೆಂಬ ವಾದಕ್ಕಂತೂ ಹೆಚ್ಚು ಮಾತು ಬೇಡ. ಜೀವಿಗಳು ತಮ್ಮ ತಮ್ಮ ಕರ್ಮೋದಯದಿಂದ ಗತಿಗಳನ್ನು ಪಡೆಯುತ್ತವೆ, ಜಾಕಿ ಕ್ಲಬ್ಬಿನ ದಾಖಲೆಪುಸ್ತಕದಿಂದಲ್ಲ.

ಇನ್ನೊಂದು ಸಮರ್ಥನೆಯು ನಮ್ಮ ಶಾಸ್ತ್ರದ ಪರಿಭಾಷೆಯಲ್ಲಿಯೇ ಬರಬಹುದು. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಟ್ಟವನೇ ಹೊರತು ಉದ್ಯೋಗೀ ಹಿಂಸೆಯನ್ನು ಪೂರ್ಣವಾಗಿ ಬಿಟ್ಟವನಲ್ಲ. ಇದು ಉದ್ಯೋಗವಲ್ಲವೇ ಎಂದು ಕೇಳಬಹುದು. ಹಣಕಾಸಿನ ಅಧಿಕಾರಿಯ ಉದ್ಯೋಗ ಹಣಕಾಸು. ಅವನ ಮನೆಯ ಒಲೆ ಉರಿಯುವುದು ಕುದುರೆಯಿಂದಲ್ಲ. ಪಾಲುಗಾರರಲ್ಲಿ ಹೆಚ್ಚಿನವರು ಹಣ ಕಳೆದುಕೊಳ್ಳುತ್ತಾರೆಂಬುದನ್ನು ಈ ವ್ಯವಹಾರದವರೇ ಮುಚ್ಚಿಡುವುದಿಲ್ಲ; ವಿನೋದಕ್ಕಾಗಿ, ಗೆಲುವಿನ ದಿನದ ಉಲ್ಲಾಸಕ್ಕಾಗಿ ಸೇರುತ್ತಾರೆ. ಹಾಗಾದರೆ ಇದು ಅನರ್ಥದಂಡದ ಕ್ಷೇತ್ರಕ್ಕೆ ಬಂತು. ಅನರ್ಥದಂಡದ ಒಂದು ಪ್ರಕಾರವಾದ ಅಪಧ್ಯಾನವನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವಾಗ ಅನ್ಯರ ವಧಬಂಧನಗಳ ಚಿಂತನೆಯೊಡನೆ ಜಯಪರಾಜಯಗಳ ಚಿಂತನೆಯನ್ನೂ ಸೇರಿಸಿರುವುದು ಗಮನಾರ್ಹ. ಓಟವು ಎರಡು ನಿಮಿಷ. ಅದರ ಅಪಧ್ಯಾನ ವರ್ಷವಿಡೀ ನಡೆಯುತ್ತದೆ. ಪಶುಗಳನ್ನು ಕೊಂಡು ಮಾರುವ ತಿರ್ಯಗ್ವಾಣಿಜ್ಯಕ್ಕೆ ಉಪದೇಶ ಕೊಡುವುದೂ ಪಾಪೋಪದೇಶವೆಂದು ಸಮಂತಭದ್ರರು ಎಣಿಸಿದ್ದಾರೆ.

‘ನಾನು ಪಣ ಕಟ್ಟುವುದಿಲ್ಲ, ಆದುದರಿಂದ ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತವು ನನಗೆ ಅಂಟದು’ ಎಂಬ ಮಾತೂ ನಿಲ್ಲುವುದಿಲ್ಲ. ಗೆದ್ದ ಕುದುರೆಗೆ ಸಿಗುವ ಬಹುಮಾನದ ಹಣವು ಬಹುಪಾಲು ಜನರು ಕಟ್ಟಿದ ಪಣದಿಂದಲೂ ಹಲವು ರಾಜ್ಯಗಳಲ್ಲಿ ಜೂಜುಮನೆಗಳ ಆದಾಯದಿಂದಲೂ ಬರುತ್ತದೆ. ಭಾರತದ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಕುದುರೆ ಓಟವು ಅದೃಷ್ಟದ ಆಟವಲ್ಲ, ಕೌಶಲದ ಆಟವೆಂದು ತೀರ್ಪಿತ್ತಿತು. ಕಾನೂನಿನ ಪ್ರಯೋಜನಕ್ಕೆ ಅದು ಸರಿಯಿರಬಹುದು. ಆದರೆ ಶಕುನಿಯಲ್ಲಿದ್ದುದೂ ಕೌಶಲವೇ.

ಪ್ರಧಾನವಾದ ಶಂಕೆಗೆ ಬರೋಣ. ನೂರು ಮಂದಿ ಪಾಲುಗಾರರಿರುವಾಗ ಆಸ್ರವವೂ ನೂರು ಪಾಲಾಗುವುದಿಲ್ಲವೇ? 206 ಡಾಲರು ಕೊಟ್ಟವನಿಗೂ ಕೋಟಿ ಕೊಟ್ಟವನಿಗೂ ಒಂದೇ ದೋಷವೇ?

ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂಸೆಯ ಫಲವನ್ನು ವಿಚಾರಿಸಿರುವ ರೀತಿಯು ಇಂದಿನ ಪಾಲುಗಾರಿಕೆಯನ್ನು ಕಂಡೇ ಬರೆದಂತಿದೆ. ಹಿಂಸೆಯನ್ನು ಮಾಡುವವನು ಒಬ್ಬನಾಗಿ ಫಲವನ್ನು ಉಣ್ಣುವವರು ಹಲವರಾಗಬಹುದು. ಮಾಡುವವರು ಹಲವರಾಗಿ ಫಲ ಒಬ್ಬನಿಗಾಗಬಹುದು. ಅಲ್ಪಹಿಂಸೆಯೂ ಒಬ್ಬನಿಗೆ ಮಹಾಫಲವನ್ನು ತಂದೀತು, ಮಹಾಹಿಂಸೆಯೂ ಮತ್ತೊಬ್ಬನಿಗೆ ಅಲ್ಪಫಲವಾದೀತು. ಎಲ್ಲವೂ ಪರಿಣಾಮದ ತೀವ್ರಮಂದತೆಗಳನ್ನು ಅವಲಂಬಿಸಿದೆ. ಇಲ್ಲಿ ಭಾಗಾಕಾರದ ಸುಳಿವೇ ಇಲ್ಲ. ಜೀವಾಧಿಕರಣದ 108 ಭೇದಗಳನ್ನು ಎಣಿಸುವಾಗ ಸಂರಂಭ ಸಮಾರಂಭ ಆರಂಭಗಳನ್ನು ಮೂರು ಯೋಗಗಳಿಂದಲೂ ಕೃತ ಕಾರಿತ ಅನುಮತಗಳಿಂದಲೂ ನಾಲ್ಕು ಕಷಾಯಗಳಿಂದಲೂ ಗುಣಿಸುತ್ತಾರೆ. ಪಾಲುಗಾರರ ಸಂಖ್ಯೆಯಿಂದ ಭಾಗಿಸುವ ಹತ್ತನೆಯ ಮಗ್ಗಿಯೊಂದನ್ನು ಯಾವ ಆಚಾರ್ಯರೂ ಕಲಿಸಿಲ್ಲ. ಹಾಗೆಂದು ಎಲ್ಲರ ದೋಷವೂ ಸಮಾನವೆಂದೂ ಅರ್ಥವಲ್ಲ. 206 ಡಾಲರು ಕೊಟ್ಟವನು ತೀವ್ರ ಲೋಭದಿಂದ ಗೆಲುವನ್ನು ಬಯಸಿ, ಬಿದ್ದ ಕುದುರೆಯನ್ನು ಶಪಿಸಿದರೆ ಅವನ ಬಂಧವು ಗಾಢ. ಹೆಚ್ಚು ಪಾಲುಳ್ಳವನು ಮರುಕದಿಂದ ಓಟವನ್ನೇ ನಿಲ್ಲಿಸಿದರೆ ಅವನದು ಮಂದ. ಹಣದ ಅಂಶಕ್ಕೂ ಕರ್ಮದ ಅಂಶಕ್ಕೂ ಸಂಬಂಧವಿಲ್ಲವೆಂಬುದಷ್ಟೇ ಇಲ್ಲಿಯ ನಿರ್ಣಯ.

ನೇಮಿನಾಥ ಸ್ವಾಮಿಯ ವೃತ್ತಾಂತವನ್ನು ಈ ದೃಷ್ಟಿಯಿಂದ ಓದಬೇಕು. ಮದುವೆಯ ದಿಬ್ಬಣದಲ್ಲಿ ರಥವೇರಿ ಹೋಗುವಾಗ ಕಟ್ಟಿಹಾಕಿದ ಪಶುಗಳ ಆಕ್ರಂದನ ಕಿವಿಗೆ ಬಿತ್ತು. ಕಟ್ಟಿದವರು ಅವರಲ್ಲ, ಕಟ್ಟಿಸಿದವರೂ ಅವರಲ್ಲ. ನೆಂಟರು ಸಾವಿರಾರು ಮಂದಿ. ವರನ ಎಲೆಗೆ ಬೀಳುವುದು ಎಷ್ಟಂಶವೆಂದು ಲೆಕ್ಕ ಹಾಕುವುದಕ್ಕೆ ಅವಕಾಶವಿತ್ತು. ತನ್ನ ನಿಮಿತ್ತವಾಗಿ ಎಂಬ ಒಂದು ಮಾತನ್ನು ಕೇಳಿದೊಡನೆ ರಥ ಹಿಂದಕ್ಕೆ ತಿರುಗಿತು. ರಾಜೀಮತಿಯ ಕಥೆಯನ್ನು ಕೇಳಿ ಕಣ್ಣೀರಿಡುವ ನಮ್ಮ ಮನೆಗಳಲ್ಲಿ ಈ ಗಣಿತವನ್ನು ಯಾರೂ ಮರೆಯಬಾರದು.

ಅನುಮೋದನೆಯ ವಿಷಯದಲ್ಲಿ ಪಾಲುಪತ್ರಕ್ಕೆ ಒಂದು ವಿಶೇಷವಿದೆ. ಇಂತಹ ಕೂಟಗಳಲ್ಲಿ ಸಾಮಾನ್ಯವಾಗಿ ಎಲ್ಲ ನಿರ್ಧಾರಗಳೂ ವ್ಯವಸ್ಥಾಪಕ ಪಾಲುಗಾರನ ಕೈಯಲ್ಲಿರುತ್ತವೆ. ಯಾವ ಪಂದ್ಯದಲ್ಲಿ ಓಡಿಸಬೇಕು, ಯಾವಾಗ ಮಾರಬೇಕು ಎಂಬುದನ್ನು ಚಿಕ್ಕ ಪಾಲುಗಾರನನ್ನು ಕೇಳುವುದಿಲ್ಲ. ಅವನು ಮೊದಲ ದಿನವೇ ಸಹಿ ಹಾಕಿ ಮುಂದಿನ ಎಲ್ಲಕ್ಕೂ ಒಪ್ಪಿಗೆ ಕೊಟ್ಟುಬಿಟ್ಟಿರುತ್ತಾನೆ. ನಡೆದುದನ್ನು ಮೆಚ್ಚುವುದು ಅನುಮೋದನೆ. ಏನು ನಡೆಯುವುದೆಂದು ತಿಳಿಯದೆಯೇ ಮೆಚ್ಚಿಬಿಡುವುದಕ್ಕೆ ಏನೆನ್ನಬೇಕು? ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಅನುಮತಿತ್ಯಾಗವನ್ನು ಹತ್ತನೆಯ ಮೆಟ್ಟಿಲಲ್ಲಿ ಇಟ್ಟಿರುವುದು, ಆರಂಭ ಪರಿಗ್ರಹಗಳನ್ನು ಬಿಟ್ಟ ಮೇಲೂ ತಲೆಯಾಡಿಸುವ ಅಭ್ಯಾಸವು ಎಷ್ಟು ಕಷ್ಟದಿಂದ ಹೋಗುತ್ತದೆಂಬುದರ ಸೂಚನೆ. ಆ ಮೆಟ್ಟಿಲಿನ ಸಾಧನೆಯನ್ನು ಸಾಮಾನ್ಯ ಗೃಹಸ್ಥನಿಂದ ನಿರೀಕ್ಷಿಸಲಾಗದು. ಆದರೆ ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡಿ ಆರಂಭವನ್ನು ತ್ಯಜಿಸಿ ಕುಳಿತವನ ಹೆಸರಿನಲ್ಲಿ, ಅದೇ ದಿನ ಕುದುರೆಯೊಂದು ಬಾಯಲ್ಲಿ ನೊರೆ ಕಾರುತ್ತ ಓಡುತ್ತಿರಬಹುದೆಂಬುದನ್ನು ಅವನು ತಿಳಿದಿರಬೇಕಾದುದು ನ್ಯಾಯ. ಕಾರಖಾನೆಗಳ ಷೇರುಗಳಿಗೂ ಈ ಮಾತು ಅನ್ವಯಿಸುವುದಿಲ್ಲವೇ ಎಂದು ವಾಚಕರು ಕೇಳಿದರೆ, ಅನ್ವಯಿಸುತ್ತದೆ. ಅದನ್ನು ಬೇರೆಯಾಗಿ ವಿಚಾರಿಸಬೇಕು.

ಒಡೆತನವು ಎಷ್ಟು ಹಗುರವಾಗಿದೆಯೆಂಬುದಕ್ಕೆ ಅಲ್ಲಿಯ ‘ಕ್ಲೇಮಿಂಗ್’ ಎಂಬ ಓಟಗಳನ್ನು ನೋಡಬೇಕು. ಆ ಓಟಗಳಲ್ಲಿ ಪ್ರತಿ ಕುದುರೆಗೂ ಮುಂಚಿತವಾಗಿ ಬೆಲೆ ಕಟ್ಟಿರುತ್ತದೆ. ಅದನ್ನು ಕೊಳ್ಳಲು ಬಯಸುವವನು ಓಟಕ್ಕೆ ಮೊದಲೇ ಚೀಟಿ ಹಾಕುತ್ತಾನೆ. ಓಡುವುದಕ್ಕೆ ಬಾಗಿಲು ತೆರೆದ ಕ್ಷಣದಿಂದ ಕುದುರೆಯು ಹೊಸಬನದು. ಆ ಓಟದ ಬಹುಮಾನ ಮಾತ್ರ ಹಳಬನದು. ಓಡುತ್ತ ಓಡುತ್ತಲೇ ಕಾಲು ಮುರಿದು ಸತ್ತರೂ ನಷ್ಟ ಹೊಸಬನದೆಂಬುದು ಬಹುಕಾಲ ನಿಯಮವಾಗಿತ್ತು. ಕುಂಟುವ ಕುದುರೆಯನ್ನು ಓಟಕ್ಕೆ ಇಳಿಸಿ ಕೈತೊಳೆದುಕೊಳ್ಳಲು ಇದು ದಾರಿಯಾಯಿತೆಂದು ಮನಗಂಡು, ಅಂತಹ ಮಾರಾಟವನ್ನು ರದ್ದುಪಡಿಸುವ ನಿಯಮಗಳನ್ನು ಈಚೆಗೆ ತಂದಿದ್ದಾರೆ. ಲೆಕ್ಕದ ಪುಸ್ತಕದಲ್ಲಿಯಾದರೋ ಕುದುರೆಯು ಯಂತ್ರದಂತೆ ಸವಕಳಿಯ ವಸ್ತು. ಕೆಲವೇ ವರ್ಷಗಳಲ್ಲಿ ಅದರ ಬೆಲೆಯನ್ನು ತೆರಿಗೆಯ ಲೆಕ್ಕದಲ್ಲಿ ಕಳೆದುಬಿಡಬಹುದು. ಸೊನ್ನೆಗೆ ಬಂದ ಮೇಲೂ ಅದು ಉಸಿರಾಡುತ್ತಿರುತ್ತದೆ. ಕುದುರೆಯ ಆಯುಷ್ಯ ಇಪ್ಪತ್ತೈದು ಮೂವತ್ತು ವರ್ಷ. ಓಟ ಮುಗಿಯುವುದು ಸಾಮಾನ್ಯವಾಗಿ ಆರು ಏಳು ವರ್ಷದೊಳಗೆ.

ಆದುದರಿಂದ ಪಾಲನ್ನು ಹೊಂದಿರುವ ವ್ರತಿಯೊಬ್ಬನಿಗೆ ಬೋಧೆಯಾಗಿ ‘ಇದನ್ನು ಬಿಡಬೇಕು’ ಎನಿಸಿದರೆ ನಿಜವಾದ ಕಷ್ಟ ಅಲ್ಲಿಂದ ಆರಂಭವಾಗುತ್ತದೆ. ಬಿಡುವುದು ಹೇಗೆ? ಮಾರಿದರೆ ಬಿಟ್ಟಂತಾಯಿತೇ? ಹೊಲವನ್ನು ಮಾರಿದವನಿಗೆ ಹೊಲದ ಪರಿಗ್ರಹ ತಪ್ಪುತ್ತದೆ; ಹೊಲಕ್ಕೆ ನೋವಿಲ್ಲ. ಓಡಿಸುವವನ ಕೈಗೇ ಕುದುರೆಯ ಪಾಲನ್ನು ಮಾರಿದವನು ಹಣ ತೆಗೆದುಕೊಂಡು ಅತಿವಾಹನಕ್ಕೆ ಅನುಮತಿ ಕೊಟ್ಟಂತೆ. ಅವನ ಪರಿಗ್ರಹದ ಪಟ್ಟಿ ಚಿಕ್ಕದಾಯಿತು, ಕುದುರೆಯ ಸ್ಥಿತಿ ಹಾಗೆಯೇ ಇದೆ. 1986ರ ಕೆಂಟಕಿ ಡರ್ಬಿಯನ್ನು ಗೆದ್ದ ‘ಫರ್ಡಿನೆಂಡ್’ ಕುದುರೆಯು ಹೀಗೆ ಕೈಯಿಂದ ಕೈಗೆ ಮಾರಾಟವಾಗುತ್ತ 1994ರಲ್ಲಿ ಜಪಾನಿಗೆ ಹೋಯಿತು. ಸಂತಾನಕ್ಕೆ ಬೇಡವಾದಾಗ 2002ರಲ್ಲಿ ಕಸಾಯಿಖಾನೆಗೆ ಹೋಯಿತೆಂಬುದು ಮರುವರ್ಷ ತಿಳಿದುಬಂದು ಅಮೆರಿಕದ ಜನರೇ ಅತ್ತರು. ಪ್ರತಿಯೊಂದು ಮಾರಾಟವೂ ಕಾನೂನುಬದ್ಧವಾಗಿಯೇ ನಡೆದಿತ್ತು. ಮಾರಿದವರಲ್ಲಿ ಯಾರೂ ಅದನ್ನು ಕೊಲ್ಲಲೆಂದು ಮಾರಿರಲಿಲ್ಲ.

ಇದಕ್ಕೆ ಪ್ರತಿಯಾಗಿ ‘ಫನ್ನಿ ಸೈಡ್’ ಎಂಬ ಕುದುರೆಯನ್ನು ನೆನೆಯಬಹುದು. ನ್ಯೂಯಾರ್ಕ್ ರಾಜ್ಯದ ಸ್ಯಾಕೆಟ್ಸ್ ಹಾರ್ಬರ್ ಎಂಬ ಚಿಕ್ಕ ಊರಿನ ಶಾಲಾ ಗೆಳೆಯರು ಕೂಡಿ ಕಟ್ಟಿದ ಪಾಲುಗಾರಿಕೆಯು ಅದನ್ನು 75,000 ಡಾಲರಿಗೆ ಕೊಂಡಿತ್ತು. 2003ರಲ್ಲಿ ಡರ್ಬಿಗೆ ಅವರು ಬಂದದ್ದು ಹಳದಿ ಬಣ್ಣದ ಶಾಲೆಯ ಬಸ್ಸಿನಲ್ಲಿ; ಕುದುರೆ ಗೆದ್ದಿತು. ಅದು ಬೀಜ ಒಡೆಸಿದ ಕುದುರೆ. ಆದುದರಿಂದ ಓಟ ನಿಂತ ಮೇಲೆ ಸಂತಾನದಿಂದ ಒಂದು ಕಾಸಿನ ಆದಾಯವೂ ಇಲ್ಲ. 2007ರಲ್ಲಿ ಓಟ ನಿಂತಿತು. ಆ ಬಳಿಕ ಅದನ್ನು ಕೆಂಟಕಿಯ ಕುದುರೆ ಉದ್ಯಾನದಲ್ಲಿ ಇರಿಸಿದರು. ಅದು 2023ರಲ್ಲಿ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಹೊಟ್ಟೆಶೂಲೆಯಿಂದ ತೀರಿಕೊಳ್ಳುವವರೆಗೂ ಜನರು ಅಲ್ಲಿಗೆ ಹೋಗಿ ನೋಡಿ ಬರುತ್ತಿದ್ದರು. ಓಡಿಸಿದ ದೋಷ ಓಡಿಸಿದವರಿಗೆ ಇದ್ದೇ ಇದೆ. ಆದರೆ ಹದಿನಾರು ವರ್ಷ ಆದಾಯವಿಲ್ಲದ ಜೀವಕ್ಕೆ ನೆಲೆಯೊಂದು ಇತ್ತು.

ಹೊಸದಾಗಿ ಪಾಲು ಕೊಳ್ಳುವ ವಿಚಾರದಲ್ಲಿ ವ್ರತಿಗೆ ಸಂದೇಹವೇ ಇರಬಾರದು, ಕೊಳ್ಳಬಾರದು. ಈಗಾಗಲೇ ಪಾಲು ಇರುವವನ ಕರ್ತವ್ಯ ಬೇರೆ. ಸಾಧ್ಯವಾದರೆ ಇತರ ಪಾಲುಗಳನ್ನೂ ಕೊಂಡು ಓಟವನ್ನು ನಿಲ್ಲಿಸುವುದು. ಅಷ್ಟು ಶಕ್ತಿಯಿಲ್ಲದಿದ್ದರೆ ಬಂದ ಬಹುಮಾನವನ್ನು ಮುಟ್ಟದೆ ಅದೇ ಕುದುರೆಯ ಮುಪ್ಪಿನ ಪೋಷಣೆಗೆ ಮೀಸಲಿಡುವುದು, ನಿವೃತ್ತ ಕುದುರೆಗಳನ್ನು ಸಾಕುವ ಸಂಸ್ಥೆಗಳಲ್ಲಿ ಅದಕ್ಕೆ ಸ್ಥಳ ಗೊತ್ತುಮಾಡಿ ಅನಂತರ ಕೂಟದಿಂದ ಹೊರಬರುವುದು. ಇದರಲ್ಲಿ ಹಣದ ನಷ್ಟವಿದೆ, ವರ್ಷಗಳ ಕಾಯುವಿಕೆಯಿದೆ, ಪಾಲುಗಾರರ ಮುಂದೆ ಹಾಸ್ಯಾಸ್ಪದನಾಗುವ ಕಷ್ಟವೂ ಇದೆ. ಅದುವರೆಗೆ ಪರಿಗ್ರಹಪರಿಮಾಣದ ಪಟ್ಟಿಯಲ್ಲಿ ಚತುಷ್ಪದಗಳ ಸಾಲಿನಲ್ಲಿ ಅವನು ಏನೆಂದು ಬರೆಯಬೇಕು? ನೂರರಲ್ಲಿ ಒಂದು ಎಂದಲ್ಲ. ಕುದುರೆ 1 ಎಂದು. ಇಪ್ಪತ್ತು ಕುದುರೆಗಳಲ್ಲಿ ನೂರಕ್ಕೆ ಐದರಂತೆ ಪಾಲಿದ್ದರೆ ಒಟ್ಟು ಒಂದೇ ಕುದುರೆಯಾಯಿತೆಂದು ಕೂಡಿಸಿ ಬರೆಯುವಂತಿಲ್ಲ. ಇಪ್ಪತ್ತು ಎಂದೇ ಬರೆಯಬೇಕು, ಒಂದೊಂದರ ಹೆಸರನ್ನೂ ವಯಸ್ಸನ್ನೂ ಅದರ ಪಕ್ಕದಲ್ಲಿ ಬರೆದಿಡಬೇಕು.